ಪಾಲು ಕೇಳಿದ ಸೊಸೆ, ಇಂಗ್ಲಿಷ್ ಕಲಿತ ಮೊಮ್ಮಗಳು

ಶಹಾಪುರದ ಹುಡುಗಿಗೆ ಇಂಗ್ಲೆಂಡಿನಲ್ಲಿ ನೆಲೆಸಿದ ವರ ಗೊತ್ತಾದರೆ ಈಗ ಜಾತಕ ಕೂಡಿಬಂದರಷ್ಟೇ ಸಾಲದು, ‘ಎ-1’ ಕೂಡ ಕೂಡಿಬರಬೇಕು. ಮಕ್ಕಳೇ, ಇದು ರೇಷನ್ ಅಂಗಡಿಯ ಚೀಟಿಯಲ್ಲ, ಆಸ್ಪತ್ರೆಯ ರಕ್ತಪರೀಕ್ಷೆಯೂ ಅಲ್ಲ. ಯುರೋಪಿನವರು ಒಂದು ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಆರು ಮೆಟ್ಟಿಲು ಮಾಡಿಕೊಂಡಿದ್ದಾರೆ. ಎ-1, ಎ-2, ಬಿ-1, ಬಿ-2, ಸಿ-1, ಸಿ-2. ಎ-1 ಎಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಇಂಗ್ಲೆಂಡಿನಲ್ಲಿ ನೆಲೆಸಿದ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಇಲ್ಲಿಂದ ಹೊರಡುವವರು ಆ ಮೆಟ್ಟಿಲನ್ನು ಹತ್ತಿ ತೋರಿಸಬೇಕು ಎಂಬ ನಿಯಮ 2010ರ ನವೆಂಬರ್‌ನಿಂದ ಇದೆ. ಇಂಗ್ಲಿಷಿನಲ್ಲಿ ಪಾಠ ಹೇಳಿದ ಡಿಗ್ರಿ ಇದ್ದವರಿಗೆ ಬೇರೆ ದಾರಿ ಇದೆ, 65 ದಾಟಿದವರಿಗೆ ವಿನಾಯಿತಿ ಇದೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದ ನಮ್ಮ ಓಣಿಯ ಹುಡುಗಿಗೆ ಇವೆರಡೂ ಸಿಗಲಿಲ್ಲ.

ಸುದ್ದಿ ಗೊತ್ತಾದ ದಿನವೇ ಅವರ ಮನೆಗೆ ಇಟ್ಟಿಗೆ ಗಾತ್ರದ ಗ್ರಾಮರ್ ಪುಸ್ತಕ ಬಂತು. ಹನ್ನೆರಡು ಕಾಲಗಳು, ಕರ್ತರಿ, ಕರ್ಮಣಿ, ಎಲ್ಲ. ಹುಡುಗಿ ಎರಡು ವಾರ ಅದನ್ನು ಎದೆಗವಚಿಕೊಂಡು ಓಡಾಡಿದಳು. ಆಮೇಲೆ ಅವಳ ತಮ್ಮ, ಏಳನೇ ಇಯತ್ತೆಯವನು, ಪರೀಕ್ಷೆ ಹೇಗಿರುತ್ತದೆ ಎಂದು ಹುಡುಕಿ ನೋಡಿದ. ಅದರಲ್ಲಿ ಬರೆಯುವುದೇ ಇಲ್ಲ! ಓದುವುದೂ ಇಲ್ಲ. ಕೇಳುವುದು, ಮಾತಾಡುವುದು, ಇಷ್ಟೇ. ಈ ಹುಡುಗಿ ಆರಿಸಿಕೊಂಡದ್ದು ‘ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್’ ಎಂಬ ಪರೀಕ್ಷೆ. ಎ-1ಕ್ಕೆ 16ರಿಂದ 18 ನಿಮಿಷ. ಪರೀಕ್ಷಕರು ಒಬ್ಬರು, ಪರೀಕ್ಷೆಗೆ ಕೂತವರು ಇಬ್ಬರು, ಒಂದೇ ಕೋಣೆ. ಹೆಸರು ಕೇಳುತ್ತಾರೆ, ಅದರ ಸ್ಪೆಲ್ಲಿಂಗ್ ಹೇಳಿಸುತ್ತಾರೆ. ಮನೆ, ಮಂದಿ, ಸಂತೆ, ಆರೋಗ್ಯ, ಬಸ್ಸು, ಹವಾಮಾನ ಇಂಥವುಗಳ ಬಗ್ಗೆ ನಾಲ್ಕು ಮಾತಾಡಿಸುತ್ತಾರೆ. ಧ್ವನಿಮುದ್ರಣ ಕೇಳಿಸಿ ಪ್ರಶ್ನೆ ಹಾಕುತ್ತಾರೆ. ಕೊನೆಗೆ ಕೂತ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕು. ಅಂಕ, ರ್‍ಯಾಂಕ್ ಏನೂ ಇಲ್ಲ. ಪಾಸು ಇಲ್ಲವೆ ಫೇಲು. ಇಟ್ಟಿಗೆ ಪುಸ್ತಕ ಈಗ ಅವರ ಮನೆಯಲ್ಲಿ ಹಪ್ಪಳದ ಡಬ್ಬಿಯ ಮುಚ್ಚಳ ಹಾರದಂತೆ ಕಾಯುತ್ತಿದೆ.

ಅಜ್ಜ ಅಜ್ಜಿಯರೇ, ಇಲ್ಲಿ ನಿಮ್ಮ ಕೆಲಸ ಶುರುವಾಗುತ್ತದೆ. ಮೊದಲು ಆದ ತೊಂದರೆ ಹೇಳುತ್ತೇನೆ.

ಅಳಿಯ ಒಳ್ಳೆಯ ಹುಡುಗ. ಹೆಂಡತಿಗೆ ತಾನೇ ಇಂಗ್ಲಿಷ್ ಕಲಿಸುತ್ತೇನೆ ಎಂದು ಹೊರಟ. ಇಂಗ್ಲೆಂಡಿನ ಗಡಿಯಾರ ಚಳಿಗಾಲದಲ್ಲಿ ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ ತಾಸು. ಅವನು ಕೆಲಸ ಮುಗಿಸಿ ಫೋನ್ ಮಾಡುವ ಹೊತ್ತಿಗೆ ಇಲ್ಲಿ ಊಟ ಮುಗಿದಿರುತ್ತದೆ. ಮೊದಲು ಆ ಹೊತ್ತು ಅವರಿಬ್ಬರ ಮಾತಿನ ಹೊತ್ತಾಗಿತ್ತು. ಪಾಠ ಸೇರಿದ ಮೇಲೆ ಅವಳು ಒಂದು ವಾಕ್ಯ ಹೇಳಿದರೆ ಅವನು ಎರಡು ತಿದ್ದುತ್ತಿದ್ದ. ‘ದ’ ಬಿಟ್ಟಿ, ‘ಈಸ್’ ಅಲ್ಲ ‘ಆರ್’, ಇನ್ನೊಮ್ಮೆ ಹೇಳು. ತಪ್ಪು ಅವನದೂ ಅಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದ. ಆದರೆ ಅಜ್ಜಿಯ ಕಿವಿಗೆ ವ್ಯತ್ಯಾಸ ಬಿತ್ತು.

“ಮೊದಲ ತಾಸಗಟ್ಲೆ ಮಾತಾಡ್ತಿದ್ದಳು. ಈಗ ಎರಡ ನಿಮಿಷಕ್ಕ ಫೋನ್ ಇಡ್ತಾಳ. ಇಂಗ್ಲಿಷ್ ಬರ್ಲಿಕ್ಕಿಲ್ಲ, ಇದ್ದ ಕನ್ನಡನೂ ಹೋಗ್ಲಾಕತ್ತದ,” ಎಂದರು ಆಯಿ.

ಈ ಆಯಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಗಂಡನ ಮನೆಗೆ ಬಂದು ಹೊಸ ಭಾಷೆ ಕಲಿಯುವುದು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ತವರು ನಾರಾಯಣಪೇಟೆಯ ಆಚೆಯ ಹಳ್ಳಿ. ಯಾದಗಿರಿ ಜಿಲ್ಲೆಯ ಪೂರ್ವದ ಗಡಿ ದಾಟಿದರೆ ತೆಲಂಗಾಣ. ಗುರುಮಠಕಲ್ ಕಡೆ ಹೋದರೆ ಅರ್ಧ ಸಂತೆ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ನಡೆಯುತ್ತದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೆಣ್ಣು ಕೊಟ್ಟು ತರುವುದು ತಲೆಮಾರುಗಳ ಮಾತು. ಆಯಿ ಬಂದಾಗ ಅವರ ಬಾಯಲ್ಲಿ ಬರೀ ತೆಲುಗು.

ಬಂದ ವಾರದಲ್ಲೇ ಒಂದು ಸಂಜೆ ಚಹಾಕ್ಕೆ ಇಟ್ಟು, ಅತ್ತೆಯ ಹತ್ತಿರ ಹೋಗಿ “ಪಾಲು ಕೊಡ್ರಿ” ಎಂದರಂತೆ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಕನ್ನಡದಲ್ಲಿ ಪಾಲು ಎಂದರೆ ಏನೆಂದು ನಿಮಗೇ ಗೊತ್ತು. ಹಿಟ್ಟು ನಾದುತ್ತಿದ್ದ ಅತ್ತೆಯ ಕೈ ನಿಂತಿತು. ಬಂದು ಎಂಟು ದಿನ ಆಗಿಲ್ಲ, ಹೊಲದಲ್ಲಿ ಪಾಲು ಕೇಳುತ್ತಿದ್ದಾಳೆ! ಮಾವ ಕಟ್ಟೆಯಿಂದ ಎದ್ದು ಬಂದರು. ಹೊಸ ಸೊಸೆ ಬೆದರಿ ಖಾಲಿ ಕಪ್ಪು ತೋರಿಸಿದಾಗ ಮನೆಯೆಲ್ಲ ನಕ್ಕಿತು. ಆಮೇಲೆ ಅತ್ತೆ ಹಾಲಿನ ಚೆಂಬು ಕೈಗೆ ಕೊಟ್ಟು “ಹಾಲು” ಎಂದರು, ಅಷ್ಟೇ. ಮಕ್ಕಳೇ, ಇಲ್ಲೊಂದು ಸೊಗಸು ನೋಡಿ. ಹಳಗನ್ನಡದಲ್ಲೂ ಹಾಲಿಗೆ ಪಾಲ್ ಎಂದೇ ಹೆಸರು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಾಲ್ ಹಾಲಾಯಿತು. ಆಯಿ ಆಡಿದ್ದು ತಪ್ಪು ಕನ್ನಡವಲ್ಲ, ಸಾವಿರ ವರ್ಷ ಹಳೆಯ ಕನ್ನಡ ಎಂದು ನಾನು ಹೇಳಿದರೆ ಅವರು ಈಗಲೂ ಒಪ್ಪುವುದಿಲ್ಲ.

“ನಮ್ಮತ್ತಿ ನನಗ ಕಲಿಸಲೇ ಇಲ್ಲ,” ಎನ್ನುತ್ತಾರೆ ಆಯಿ. “ಒಲಿ ಮುಂದ ಕುಂದ್ರಸಿಕೊಂಡು ಹಿಟ್ಟ ತಾ, ನೀರ ತಾ, ಬೆಂಕಿ ಮುಂದ ಮಾಡು ಅಂತಿದ್ರು. ತಪ್ಪ ಅಂದ್ರ ನಗ್ತಿದ್ರು, ಮತ್ತ ತಾವು ಸರಿಯಾಗಿ ಅಂತಿದ್ರು. ಆರ ತಿಂಗಳಿಗೆ ನಾನೇ ಅವರ ಜೋಡಿ ಜಗಳಾಡೂ ಅಷ್ಟು ಕಲ್ತೆ.”

ಈ ಒಲೆ ಮುಂದಿನ ಶಾಲೆಯನ್ನೇ ಆ ಮನೆಯಲ್ಲಿ ಇಂಗ್ಲಿಷಿಗೆ ತೆರೆದರು. ಸಾಮಾನು ಆಯಿಯದು, ಮಾತು ತಮ್ಮನದು. ಸಂಜೆ ರೊಟ್ಟಿ ಬಡಿಯುವ ಹೊತ್ತು ಶಾಲೆಯ ಹೊತ್ತು. ತಮ್ಮ ಬಾಗಿಲಲ್ಲಿ ಕೂತು “ಗಿವ್ ಮಿ ವಾಟರ್”, “ವೇರ್ ಈಸ್ ದ ಸಾಲ್ಟ್?” ಎಂದು ಕೇಳಬೇಕು, ಅಕ್ಕ ಕೈಯಿಂದಲೂ ಬಾಯಿಂದಲೂ ಉತ್ತರ ಕೊಡಬೇಕು. ಹಿಟ್ಟಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಹುಡುಕಿದಾಗ ಅದು ಹೂವಿನ ಫ್ಲವರ್ ಹಾಗೆಯೇ ಕೇಳಿಸುತ್ತದೆ ಎಂದು ಗೊತ್ತಾಯಿತು. ಬರೆಯುವುದು ಬೇರೆ, ನುಡಿಯುವುದು ಒಂದೇ. ಆಯಿಗೆ ಇದು ಬಹಳ ಹಿಡಿಸಿತು. “ಜ್ವಾಳದ ಹೂವಿನ ರೊಟ್ಟಿ” ಎಂದು ನಗುತ್ತಾರೆ.

ಆಯಿಯ ಮತ್ತೊಂದು ಉಪಾಯ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಪರೀಕ್ಷೆಯ ಕೋಣೆಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ, ಅವರನ್ನೂ ಪ್ರಶ್ನೆ ಕೇಳಬೇಕು ಎಂದೆನಲ್ಲ? ಆ ಇನ್ನೊಬ್ಬರಾಗಿ ಆಯಿ ತಾವೇ ಕೂತರು. ಏನೂ ಬಾರದವರಿಗೆ ಹೇಳಿಕೊಡುವಾಗ ಮಾತು ತಾನಾಗಿ ನಿಧಾನವಾಗುತ್ತದೆ, ಬಿಡಿಸಿ ಬರುತ್ತದೆ, ನಾಚಿಕೆಯೂ ಇರುವುದಿಲ್ಲ. “ವಾಟ್ ಡು ಯು ಲೈಕ್?” ಎಂದು ಮೊಮ್ಮಗಳು ಕೇಳಿದರೆ ಆಯಿ “ಟೀ” ಎನ್ನುತ್ತಾರೆ. ಯಾವ ಪ್ರಶ್ನೆಗೂ ಅವರ ಉತ್ತರ ಟೀ. ಮೊಮ್ಮಗಳು ಬಿಡದೆ ಮತ್ತೊಂದು ಪ್ರಶ್ನೆ ಕಟ್ಟಬೇಕು. ಗಂಡನ ಮುಂದೆ ಬಾಯಿ ಕಟ್ಟಿದ ಹುಡುಗಿ ಅಜ್ಜಿಯ ಮುಂದೆ ಪಟಪಟ ಮಾತಾಡತೊಡಗಿದಳು.

ಒಂದು ಕಡೆ ಮಾತ್ರ ಬಂಡಿ ನಿಂತಿತು. “ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?” ತಮ್ಮ ಕೇಳಿದ. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ನಮ್ಮ ಕಡೆ ಗಂಡನ ಹೆಸರು ಹೇಳಬೇಕೆಂದರೆ ಒಡಪು ಹಾಕಬೇಕು. ಬೆಳ್ಳಿ, ಬಂಗಾರ, ಮಲ್ಲಿಗೆ, ದೇವರು ಎಲ್ಲರನ್ನೂ ಕರೆತಂದು ಅವರ ನಡುವೆ ಹೆಸರನ್ನು ಬಚ್ಚಿಟ್ಟು ಹೇಳಬೇಕು. ಲಗ್ನದಲ್ಲಿ ಬಾಗಿಲು ಅಡ್ಡಗಟ್ಟಿ ಹೆಣ್ಣುಮಕ್ಕಳು ಹೇಳಿಸುತ್ತಾರಲ್ಲ, ಅದೇ. ಪರೀಕ್ಷಕರಿಗೆ ಒಡಪು ಗೊತ್ತಿಲ್ಲ. ಸುಮ್ಮನೆ ಕೂತರೆ ಈ ಹುಡುಗಿಗೆ ಪ್ರಶ್ನೆಯೇ ತಿಳಿದಿಲ್ಲ ಎಂದುಕೊಳ್ಳುತ್ತಾರೆ. ಇದಕ್ಕೆ ಅಪ್ಪಣೆ ಕೊಡಬೇಕಾದವರು ಹಿರಿಯರೇ. ಆಯಿ ತಾವು ಮೊದಲು ತಮ್ಮ ಯಜಮಾನರ ಹೆಸರನ್ನು, ಐವತ್ತಕ್ಕೂ ಹೆಚ್ಚು ವರ್ಷದಲ್ಲಿ ಮೊದಲ ಸಲ, ಒಡಪಿಲ್ಲದೆ ಗಟ್ಟಿಯಾಗಿ ಹೇಳಿದರು. ಪಡಸಾಲೆಯಲ್ಲಿದ್ದ ಮುತ್ತ್ಯಾ ಪೇಪರ್ ಕೆಳಗಿಟ್ಟು “ಯಾರ್ರೀ ಕರದವರು?” ಎಂದರಂತೆ. ಆಮೇಲೆ ಮೊಮ್ಮಗಳೂ ಹೇಳಿದಳು.

ಮಕ್ಕಳೇ, ನಿಮ್ಮ ಮನೆಯಲ್ಲೂ ಅಕ್ಕನಿಗೋ ವೈನಿಗೋ ಕಲಿಸುವ ಸಂದರ್ಭ ಬಂದರೆ ಕೆಲವು ಗುಂಡಿಗಳನ್ನು ಮೊದಲೇ ನೋಡಿಟ್ಟುಕೊಳ್ಳಿ. ಅಕ್ಷರದ ಹೆಸರಿನದು ಒಂದು. ಇಂಗ್ಲಿಷಿನಲ್ಲಿ ‘ಏ’ ಎಂದು ಕರೆಯುವ ಅಕ್ಷರ ನಮ್ಮ ಹೆಸರುಗಳಲ್ಲಿ ‘ಅ’ ಧ್ವನಿಗೆ ಬರುತ್ತದೆ, ‘ಈ’ ಎಂದು ಕರೆಯುವುದು ‘ಎ’ ಧ್ವನಿಗೆ, ‘ಐ’ ಎಂದು ಕರೆಯುವುದು ‘ಇ’ ಧ್ವನಿಗೆ. ನಮ್ಮ ವರ್ಣಮಾಲೆಯಲ್ಲಿ ಅಕ್ಷರದ ಹೆಸರೂ ಧ್ವನಿಯೂ ಒಂದೇ. ಅಲ್ಲಿ ಹಾಗಲ್ಲ. ಸ್ವಂತ ಹೆಸರಿನ ಸ್ಪೆಲ್ಲಿಂಗ್ ಹೇಳುವಾಗಲೇ ಅರ್ಧ ಮಂದಿ ಎಡವುವುದು ಇಲ್ಲಿ. ಈ ತಮ್ಮ ಕಂಡುಕೊಂಡ ಆಟ ಚೆನ್ನಾಗಿದೆ. ಅಕ್ಕ ತಮ್ಮ ಕಟ್ಟೆಯ ಮೇಲೆ ಕೂತು ಹೋಗುವ ಬರುವ ಗಾಡಿಗಳ ನಂಬರ್ ಪ್ಲೇಟ್ ಓದುತ್ತಾರೆ. “ಕೆ, ಎ, ತರ್ಟಿ ತ್ರೀ” ಎಂದರೆ ನಮ್ಮ ಯಾದಗಿರಿ ಗಾಡಿ. “ತರ್ಟಿ ಟೂ” ಬಂದರೆ ಕಲಬುರಗಿಯದು. ತರ್ಟಿ ಎಂದರೆ ಮೂವತ್ತು, ತರ್ಟೀನ್ ಎಂದರೆ ಹದಿಮೂರು. ಮೂವತ್ತಕ್ಕೆ ಒತ್ತು ತಲೆಯ ಮೇಲೆ, ಹದಿಮೂರಕ್ಕೆ ಬಾಲದ ಮೇಲೆ. ಬೆಲೆ, ಬಸ್ ನಂಬರು, ಔಷಧದ ಲೆಕ್ಕ ಎಲ್ಲ ಇದರ ಮೇಲೆ ನಿಂತಿದೆ.

ಇನ್ನೊಂದು ಗುಂಡಿ ಹೌದು-ಇಲ್ಲದ್ದು. “ನಿನಗ ಚಹಾ ಬ್ಯಾಡಲ್ಲ?” ಎಂದು ಕೇಳಿದರೆ ನಾವು “ಹೌದು, ಬ್ಯಾಡ” ಎನ್ನುತ್ತೇವೆ. ಕೇಳಿದವರ ಮಾತಿಗೆ ಹೌದು ಎನ್ನುವುದು ನಮ್ಮ ಪದ್ಧತಿ. ಇಂಗ್ಲಿಷಿನವರು ಕೇಳಿದವರನ್ನು ನೋಡುವುದಿಲ್ಲ, ಚಹಾವನ್ನು ನೋಡುತ್ತಾರೆ. ಬೇಡವಾದರೆ “ನೋ”. “ಯೆಸ್” ಎಂದಿರೋ, ಕಪ್ಪು ಕೈಗೆ ಬಂದೇ ಬರುತ್ತದೆ.

ವಾಕ್ಯದ ಕಟ್ಟಡವೂ ತಲೆಕೆಳಗು. ‘ಶಹಾಪುರದಾಗ ಇರ್ತೀನಿ’ ಎನ್ನುವಾಗ ಊರು ಮೊದಲು, ‘ಆಗ’ ಆಮೇಲೆ, ಇರುವುದು ಕೊನೆಗೆ. “ಐ ಲಿವ್ ಇನ್ ಶಹಾಪುರ್” ಎನ್ನುವಾಗ ಇರುವುದು ಮೊದಲು, ‘ಇನ್’ ಆಮೇಲೆ, ಊರು ಕೊನೆಗೆ. ಚೀಟಿಯ ಮೇಲೆ ಪದ ಬರೆದು ಹೊರಸಿನ ಮೇಲೆ ಹರಡಿ ಅದಲು ಬದಲು ಮಾಡಿ ಆಡಿದರೆ ವ್ಯಾಕರಣದ ಹೆಸರೆತ್ತದೆ ಇದು ತಲೆಗೆ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಆಗಲೇ ತುಂಬಿರುವ ಇಂಗ್ಲಿಷನ್ನು ಎಣಿಸಿ ನೋಡಿ. ಗ್ಯಾಸು, ಸ್ವಿಚ್ಚು, ಬಕೆಟ್ಟು, ಸೋಪು, ಟಿಕೆಟ್ಟು, ಡಾಕ್ಟರು, ಬಿಪಿ, ಶುಗರು. ಏನೂ ಬರುವುದಿಲ್ಲ ಎನ್ನುವ ಆಯಿಯ ಬಾಯಿಂದ ಒಂದು ಸಂಜೆ ಎಪ್ಪತ್ತಕ್ಕೂ ಹೆಚ್ಚು ಪದ ಹೊರಟವು, ತಮ್ಮ ಲೆಕ್ಕ ಇಟ್ಟಿದ್ದಾನೆ. ಆದರೆ ಹುಷಾರು, ಕೆಲವು ಪದ ಇಲ್ಲಿಗೆ ಬಂದು ಜಾತಿ ಬದಲಿಸಿವೆ. ನಮ್ಮ ‘ಹೋಟೆಲ್’ ಇಡ್ಲಿ ತಿನ್ನುವ ಜಾಗ, ಅವರ ಹೋಟೆಲ್ ಮಲಗುವ ಜಾಗ. ನೆಗೆಣ್ಣಿಗೆ ನಾವು ಹೇಳುವ ‘ಕೋ-ಸಿಸ್ಟರ್’ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಕಾಕಾ, ಮಾಮ, ದೊಡ್ಡಪ್ಪ ಮೂವರನ್ನೂ ಅವರು ‘ಅಂಕಲ್’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತಾರೆ. ಇದು ನಮಗಿಂತ ಬಡ ಲೆಕ್ಕ ಎಂಬುದು ನನ್ನ ಅಭಿಪ್ರಾಯ.

ಕೇಳುವ ಅಭ್ಯಾಸಕ್ಕೆ ದುಡ್ಡು ಕೊಡಬೇಕಿಲ್ಲ. ಯಾದಗಿರಿ ರೈಲು ನಿಲ್ದಾಣದಲ್ಲಿ ಅರ್ಧ ತಾಸು ಕೂತರೆ ಸಾಕು. ಅದೇ ರೈಲು, ಅದೇ ಪ್ಲಾಟ್‌ಫಾರಂ, ಅದೇ ಸಮಯವನ್ನು ಕನ್ನಡದಲ್ಲೂ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಕೂಗುತ್ತಾರೆ. ಮುಂಬಯಿ-ಚೆನ್ನೈ ದಾರಿಯಾದ್ದರಿಂದ ಗಾಡಿಗಳಿಗೆ ಬರವಿಲ್ಲ. ಇಂಗ್ಲಿಷಿನದನ್ನು ಕೇಳಿ ಬರೆದುಕೊಂಡು, ಕನ್ನಡದ್ದರ ಜೊತೆ ತಾಳೆ ನೋಡಿಕೊಳ್ಳಿ.

ಗಂಡನ ಭಾಷೆಯನ್ನು ಹೆಂಡತಿಯೇ ಏಕೆ ಕಲಿಯಬೇಕು ಎಂದು ಜಾಣ ಹುಡುಗಿಯೊಬ್ಬಳು ಕೇಳಿದರೆ? ಕೇಳಬೇಕು. ಸುರಪುರದ ಮಕ್ಕಳಿಗೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಗೊತ್ತು. ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್ 15 ವರ್ಷದ ಹುಡುಗನಾಗಿ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವನು. ಇಲ್ಲಿನ ಭಾಷೆಗಳನ್ನು ತಾನಾಗಿ ಕಲಿತು, 1841ರಿಂದ 1853ರವರೆಗೆ ಸುರಪುರದಲ್ಲಿದ್ದ. ಅವನ ಹೆಂಡತಿ ಮೇರಿ ಪಾಮರ್ ಹೈದರಾಬಾದಿನವಳು. ಆಕೆಯ ಅಜ್ಜ ಜನರಲ್ ವಿಲಿಯಂ ಪಾಮರ್ ಇಂಗ್ಲಿಷಿನವನು, ಅಜ್ಜಿ ಫೈಜ್ ಬಖ್ಷ್ ಬೇಗಂ. ಸುಮಾರು 1785ರಲ್ಲಿ ಬರೆದ ಅವರ ಕುಟುಂಬದ ವರ್ಣಚಿತ್ರ ಈಗಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಕೋಟಿನ ಗಂಡ ಕುರ್ಚಿಯ ಮೇಲೆ, ಬೇಗಂ ಮಕ್ಕಳೊಂದಿಗೆ ನೆಲದ ಮೇಲೆ. ಆ ಕಾಲದಲ್ಲಿ ಬಂದ ಇಂಗ್ಲಿಷರು ಪಾರ್ಸಿ, ಹಿಂದುಸ್ತಾನಿ ಕಲಿಯದೆ ಇಲ್ಲಿ ಸಂಸಾರ ಮಾಡುವಂತಿರಲಿಲ್ಲ. ಯಾರ ಊರಿನಲ್ಲಿ ಒಲೆ ಉರಿಯುತ್ತದೋ ಆ ಊರಿನ ಮಾತು ನಡೆಯುತ್ತದೆ.

ಅದೇ ಹೈದರಾಬಾದಿನ ಇನ್ನೊಂದು ಮನೆಯ ಕಥೆಯನ್ನು ಅಜ್ಜಿಯರಿಗೆ ಹೇಳಲೇಬೇಕು. ರೆಸಿಡೆಂಟ್ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾ ಬೇಗಂ ಅವರ ಇಬ್ಬರು ಮಕ್ಕಳನ್ನು 1805ರಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಮಗಳಿಗೆ ಆಗ ಮೂರೋ ನಾಲ್ಕೋ ವರ್ಷ. ಅಲ್ಲಿ ಅವಳು ಕಿಟ್ಟಿಯಾದಳು, ಬೆಳೆದಳು, ಮದುವೆಯಾದಳು. ಸುಮಾರು ಮೂವತ್ತೈದು ವರ್ಷದ ಮೇಲೆ, ತಾಯಿಯ ತಾಯಿ ಷರಫುನ್ನಿಸಾ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದಾರೆಂದು ಅವಳಿಗೆ ತಿಳಿಯಿತು. ಪತ್ರ ಬರೆದಳು. ಆದರೆ ಮೊಮ್ಮಗಳಿಗೆ ಇಂಗ್ಲಿಷ್ ಮಾತ್ರ ಬರುತ್ತದೆ, ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅಜ್ಜಿ ಪಾರ್ಸಿಯಲ್ಲಿ ಹೇಳಿ ಬರೆಸಬೇಕು, ನಡುವೆ ಒಬ್ಬ ಇಂಗ್ಲಿಷ್ ಅಧಿಕಾರಿ ತರ್ಜುಮೆ ಮಾಡಬೇಕು. ಅಜ್ಜಿ ತೀರಿಕೊಂಡ ಮಗಳ ಕೂದಲ ಎಳೆಯನ್ನು ಪತ್ರದ ಜೊತೆ ಕಳಿಸಿದರು. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ. ಇಬ್ಬರೂ ಮತ್ತೆ ಮುಖ ನೋಡಲಿಲ್ಲ.

ಆಯಿಗೆ ಈ ಕಥೆ ಹೇಳಿದ ರಾತ್ರಿಯೇ ಅವರು ಫೋನಿನಲ್ಲಿ ಅಳಿಯನಿಗೆ ಕಾಯಿದೆ ಮಾಡಿದರು. ಗಂಡ ಹೆಂಡಿರ ಫೋನು ಇನ್ನು ಮೇಲೆ ಕನ್ನಡದಲ್ಲಿ. ಇಂಗ್ಲಿಷ್ ಆಡುವುದಾದರೆ ಹತ್ತೇ ನಿಮಿಷ, ನಡುವೆ ತಿದ್ದುವಂತಿಲ್ಲ. ಅಲ್ಲಿಗೆ ಹೋದ ಮೇಲೆ ಅಂಗಡಿಯಲ್ಲಿ ಅವಳು ಮಾತು ಹುಡುಕುತ್ತಿದ್ದರೆ ಇವನು ನಡುವೆ ಬಾಯಿ ಹಾಕದೆ ಕಾಯಬೇಕು. “ಹಿಂದ ಮಂದಿ ಸಾಲು ಹಚ್ಚಿರ್ತಾರ್ರೀ ಆಯಿ” ಎಂದು ಅವನು ರಾಗ ತೆಗೆದ. “ನಿಲ್ಲಲೇಳು, ಅವರಿಗೂ ಹೆಂಡ್ರ ಮಕ್ಕಳದಾರ,” ಎಂದರು ಆಯಿ. ಹುಟ್ಟುವ ಕೂಸಿನ ಜೊತೆ ಯಾವ ಭಾಷೆ ಎಂಬುದಕ್ಕೂ ಆಗಲೇ ಅಪ್ಪಣೆಯಾಗಿದೆ.

ಎ-1 ಅಲ್ಲಿಗೆ ಮುಗಿಯುವುದಿಲ್ಲ. ಎರಡೂವರೆ ವರ್ಷಕ್ಕೆ ವೀಸಾ ಮುಂದುವರಿಸಲು ಎ-2, ಕಾಯಂ ನೆಲೆಸಲು ಬಿ-1 ಎಂದು ಇಲ್ಲಿಯವರೆಗಿನ ಪದ್ಧತಿ. ಇವು ಬದಲಾಗುವ ನಿಯಮಗಳು. ಏಜೆಂಟರ ಬಾಯಿಮಾತು ನಂಬದೆ ಆ ದೇಶದ ಸರ್ಕಾರದ ತಾಣವನ್ನೇ ನೋಡಬೇಕು, ಅವರು ಒಪ್ಪಿದ ಪರೀಕ್ಷೆಯನ್ನೇ ಕಟ್ಟಬೇಕು. ‘ಪಾಸು ಗ್ಯಾರಂಟಿ’ ಎನ್ನುವವರ ಅಂಗಡಿಯ ಮೆಟ್ಟಿಲೇ ಹತ್ತಬೇಡಿ.

ಪರೀಕ್ಷೆಯಲ್ಲಿ ಬರಲಿ ಬಿಡಲಿ, ಹುಡುಗಿಗೆ ಬಾಯಿಪಾಠವಾಗಬೇಕಾದದ್ದು ಒಂದಿದೆ. ಇಂಗ್ಲೆಂಡಿನಲ್ಲಿ ಬೆಂಕಿ, ಅಪಘಾತ, ಪೊಲೀಸು, ಆಂಬುಲೆನ್ಸು ಎಲ್ಲಕ್ಕೂ 999. ಗಂಡ ಕೆಲಸಕ್ಕೆ ಹೋದಾಗ ಏನಾದರೂ ಆದರೆ ಆ ನಂಬರು ಒತ್ತಿ, ಏನು ಬೇಕು, ಮನೆ ಎಲ್ಲಿದೆ ಎಂದು ಅವಳೇ ಹೇಳಬೇಕು. ಅಲ್ಲಿ ದವಾಖಾನೆಗೆ ಹೋದರೆ ದುಭಾಷಿ ಬೇಕೆಂದು ಕೇಳಬಹುದು, ಅದನ್ನು ಕೇಳಲೂ ಒಂದು ವಾಕ್ಯ ಬೇಕು. ಅಲ್ಲಿನ ಪಿನ್‌ಕೋಡ್ ನಮ್ಮ ಹಾಗೆ ಆರು ಅಂಕಿಯಲ್ಲ, ಅಕ್ಷರವೂ ಅಂಕಿಯೂ ಕಲೆತದ್ದು, ಥೇಟ್ ಗಾಡಿಯ ನಂಬರ್ ಪ್ಲೇಟಿನಂತೆ. ಈಗ ದಿನಾ ಸಂಜೆ ಕಟ್ಟೆಯ ಮೇಲೆ ಅಕ್ಕ ತಮ್ಮ ಕೆ.ಎ. ತರ್ಟಿ ತ್ರೀ ಮುಗಿಸಿ, ಆ ವಿಳಾಸವನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಾರೆ. ಒಂದು ಅಕ್ಷರ ತಪ್ಪಿದರೆ ಒಳಗಿನಿಂದ ಆಯಿಯೇ ಕೂಗಿ ಸರಿಪಡಿಸುತ್ತಾರೆ.